ಬಲಕ್ಕೆ ಬಿದ್ದ ಹೂ

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಮುದ್ರದ ಹುಚ್ಚು ಹಿಡಿದದ್ದು ಐವತ್ತಾರನೆಯ ವಯಸ್ಸಿನಲ್ಲಿ. ಅರವತ್ತಕ್ಕೆ ಅರಳು ಮರಳು ಅನ್ನುತ್ತಾರೆ, ನನಗೆ ನಾಲ್ಕು ವರ್ಷ ಮುಂಚೆಯೇ ಬಂತು. ಅದಕ್ಕೆ ನಾಚಿಕೆಯೇನೂ ಇಲ್ಲ. ಅಷ್ಟು ವರ್ಷ ಯಾವ ಹುಚ್ಚೂ ಹಿಡಿಯದೆ ಕಳೆದೆನಲ್ಲ ಎಂದು ಈಗ ಸ್ವಲ್ಪ ಬೇಜಾರಾಗುತ್ತದೆ.

ನಾನು ಹುಟ್ಟಿದ್ದು ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯಲ್ಲಿ, ಮದುವೆಯಾಗಿ ಬಂದದ್ದು ಶಿರಾಳಕೊಪ್ಪಕ್ಕೆ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು ಮೂವತ್ತು ವರ್ಷದಿಂದ ರವಿಕೆ ಹೊಲಿಯುತ್ತಿದ್ದೇನೆ. ನಮ್ಮ ಯಜಮಾನರು ಕರೆಂಟಿನ ಲೈನ್‌ಮನ್ ಆಗಿದ್ದವರು, ಹೋದ ವರ್ಷ ನಿವೃತ್ತರಾದರು. ಯಾರ ಮನೆಯ ಮೀಟರ್ ಎಲ್ಲಿದೆ ಎಂಬುದು ಅವರಿಗೆ ಗೊತ್ತು, ಯಾರ ತೋಳು ಹೋದ ಸಲಕ್ಕಿಂತ ಎಷ್ಟು ದಪ್ಪಗಾಗಿದೆ ಎಂಬುದು ನನಗೆ ಗೊತ್ತು. ನಮ್ಮಿಬ್ಬರಿಗೆ ಗೊತ್ತಿಲ್ಲದ ಮನೆ ಶಿರಾಳಕೊಪ್ಪದಲ್ಲಿ ಕಡಿಮೆ.

ಗೋಕರ್ಣ ನಮ್ಮಿಂದ ದೂರವೇನಲ್ಲ. ಸೊರಬ, ಸಿದ್ದಾಪುರ ದಾಟಿ ಘಟ್ಟ ಇಳಿದರೆ ಕುಮಟಾ, ಅಲ್ಲಿಂದ ಇನ್ನೊಂದು ಬಸ್ಸು. ಆದರೂ ನಾನು ಸಮುದ್ರ ನೋಡಿರಲಿಲ್ಲ. ಮದುವೆ ಸೀಸನ್ನಿನಲ್ಲಿ ನನಗೆ ಬಿಡುವಿಲ್ಲ, ಮಳೆಗಾಲದಲ್ಲಿ ಅವರಿಗೆ ಬಿಡುವಿಲ್ಲ, ಉಳಿದ ದಿನಗಳಲ್ಲಿ ಇಬ್ಬರಿಗೂ ಮನಸ್ಸಿಲ್ಲ. ನಿವೃತ್ತಿಯಾದ ಮೇಲೆ ಈಶ್ವರನ ದರ್ಶನ ಮಾಡಬೇಕು ಎಂಬ ಹರಕೆಯೊಂದಿತ್ತು. ಹಾಗಾಗಿ ಹೊರಟೆವು.

ದರ್ಶನ ಮುಗಿಸಿ ದಂಡೆಗೆ ಬಂದೆವು. ನಾನು ಸೀರೆಯ ನೆರಿಗೆ ಎತ್ತಿ ಹಿಡಿದು ನೀರಿಗಿಳಿದೆ. ಅಲೆ ಬಂತು, ಹೋಯಿತು. ಹೋಗುವಾಗ ಕಾಲಡಿಯ ಮರಳನ್ನೂ ಎಳೆದುಕೊಂಡು ಹೋಯಿತು. ಯಾರೋ ಅಂಗಾಲಿಗೆ ಕಚಗುಳಿ ಇಟ್ಟ ಹಾಗಾಯಿತು. ನಕ್ಕೆ. ಇನ್ನೊಂದು ಅಲೆ ಬಂತು, ಮತ್ತೆ ನಕ್ಕೆ. ಮೂರನೆಯದು ನನ್ನನ್ನು ಕೂರಿಸಿಯೇಬಿಟ್ಟಿತು. ಸೊಂಟದವರೆಗೆ ನೀರಿನಲ್ಲಿ ಕೂತು, ರೇಷ್ಮೆ ಸೀರೆ ಉಟ್ಟಿದ್ದೇನೆ ಎಂಬುದನ್ನೂ ಮರೆತು, ಉಸಿರು ಕಟ್ಟುವಷ್ಟು ನಕ್ಕೆ. ಯಜಮಾನರು ದಡದಲ್ಲಿ ಎರಡೂ ಕೈಯಲ್ಲಿ ನಮ್ಮ ಚಪ್ಪಲಿ ಹಿಡಿದುಕೊಂಡು ನಿಂತಿದ್ದರು.

"ಏಳೇ, ಜನ ನೋಡ್ತಾರೆ," ಅಂದರು.

"ನೋಡ್ಲಿ ಬಿಡ್ರಿ, ನಮ್ಮೂರೋರು ಯಾರೂ ಇಲ್ಲ," ಅಂದೆ. ಆ ಮಾತು ಬಾಯಿಂದ ಬಂದಾಗ ನನಗೇ ಅದರ ರುಚಿ ಹತ್ತಿತು.

ನಾವು ಉಳಿದುಕೊಂಡಿದ್ದು ಒಬ್ಬ ವಯಸ್ಸಾದ ಹೆಂಗಸಿನ ಮನೆಯಲ್ಲಿ. ಮಹಡಿಯ ಎರಡು ಕೋಣೆಗಳನ್ನು ಬಂದವರಿಗೆ ಕೊಡುತ್ತಿದ್ದರು. ಕಿಟಕಿ ತೆಗೆದರೆ ಸಮುದ್ರ ಒಳಗೇ ಬಂದು ಕೂತಂತೆ ಕಾಣುತ್ತಿತ್ತು. ಬೆಳಿಗ್ಗೆ ನಾನು ಆ ಕಿಟಕಿ ಬಿಟ್ಟು ಏಳದೇ ಇದ್ದದ್ದನ್ನು ನೋಡಿ ಅವರು, "ವರ್ಷದ ಬಾಡಿಗೆಗಾದ್ರೂ ಅಡ್ಡಿಲ್ಲ, ಕೊಡ್ತೆ," ಅಂದರು. ಅವರಿಗೆ ಎಲ್ಲದಕ್ಕೂ ಅಡ್ಡಿಲ್ಲ. ಚಹಾಕ್ಕೆ ಸಕ್ಕರೆ ಜಾಸ್ತಿಯಾದರೂ ಅಡ್ಡಿಲ್ಲ, ಬಸ್ಸು ತಪ್ಪಿದರೂ ಅಡ್ಡಿಲ್ಲ. ಆಮೇಲೆ ಬಾಡಿಗೆ ಎಷ್ಟೆಂದು ಹೇಳಿದರು. ನಮ್ಮವರ ಹುಬ್ಬು ಕೂದಲಿನ ಸಾಲಿಗೆ ಹೋಗಿ ತಗುಲಿತು.

ಹೊರಗೆ ಬಂದ ಮೇಲೆ, "ಆ ದುಡ್ಡಿಗೆ ಶಿರಾಳಕೊಪ್ಪದಾಗೆ ಮೂರು ಮನೆ ಹಿಡೀಬೋದು," ಅಂದರು. "ಒಂದ್ರಾಗೆ ಉಂಡು, ಒಂದ್ರಾಗೆ ಮಲಗಿ, ಇನ್ನೊಂದ್ರಾಗೆ ಜಗಳ ಆಡ್ಬೋದು."

ಆದರೆ ಬಸ್ಸು ಘಟ್ಟ ಹತ್ತುವಾಗ, ನಾನು ಒದ್ದೆ ಸೀರೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಹಿಂದಕ್ಕೇ ನೋಡುತ್ತಿದ್ದಾಗ, ಅವರು ಮೆಲ್ಲಗೆ ಕೇಳಿದರು. "ನಿಂಗೆ ಎಲ್ಲಿರಾಕೆ ಇಷ್ಟ?"

ಓದುವವರಿಗೆ ಇದು ಸಣ್ಣ ಪ್ರಶ್ನೆ ಅನ್ನಿಸಬಹುದು. ನನಗೆ ಮೈಯೆಲ್ಲ ಜುಮ್ ಎಂದಿತು. ಕುಪ್ಪಗಡ್ಡೆಯಲ್ಲಿ ಹುಟ್ಟುವಾಗ ನನ್ನನ್ನು ಯಾರೂ ಕೇಳಿರಲಿಲ್ಲ, ಅದು ಸರಿ, ಯಾರನ್ನೂ ಕೇಳುವುದಿಲ್ಲ. ಶಿರಾಳಕೊಪ್ಪಕ್ಕೆ ಬರುವಾಗಲೂ ಕೇಳಿರಲಿಲ್ಲ. ಹುಡುಗ ಒಪ್ಪಿದ, ಅಪ್ಪ ಒಪ್ಪಿದ, ಟ್ರಂಕು ಬಸ್ಸಿನ ಮೇಲೇರಿತು. ಎಲ್ಲಿರಲು ಇಷ್ಟ ಎಂದು ಒಬ್ಬ ಮನುಷ್ಯ ನನ್ನನ್ನು ಕೇಳಿದ್ದು ಹುಟ್ಟಿದ ಮೇಲೆ ಅದೇ ಮೊದಲು. ಎಷ್ಟು ಖುಷಿಯಾಯಿತೆಂದರೆ ಉತ್ತರ ಕೊಡುವುದನ್ನೇ ಮರೆತೆ. ಸಿದ್ದಾಪುರ ಬಂದ ಮೇಲೆ, "ಯೋಚನೆ ಮಾಡಿ ಹೇಳ್ತೀನ್ರಿ," ಅಂದೆ. ಅಷ್ಟು ದೊಡ್ಡ ಪ್ರಶ್ನೆಯನ್ನು ಒಂದೇ ಮಾತಿನಲ್ಲಿ ಮುಗಿಸಿಬಿಡಲು ಮನಸ್ಸಾಗಲಿಲ್ಲ.

ತಿಂಗಳು ಬಿಟ್ಟು, ಇದ್ದು ನೋಡೋಣ ಎಂದು ಎಂಟು ದಿನಕ್ಕೆ ಮತ್ತೆ ಅದೇ ಮನೆಗೆ ಹೋದೆವು. ಎಳನೀರಿನ ಬೆಲೆ ಕೇಳಿ ಯಜಮಾನರು ಎಳನೀರನ್ನೇ ಬಿಟ್ಟರು. ಸೊಪ್ಪಿನವಳ ಹತ್ತಿರ ನಾನು ಚೌಕಾಸಿ ಮಾಡಿದರೆ ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಪಕ್ಕದಲ್ಲಿ ನಿಂತಿದ್ದ ಫಾರಿನ್ ಹುಡುಗಿಗೆ ಅದೇ ಸೊಪ್ಪನ್ನು ಇನ್ನೂ ಹೆಚ್ಚು ಬೆಲೆಗೆ ಮಾರಿದಳು. ಮನೆಯಿಂದ ತಂದಿದ್ದ ಖಡಕ್ ರೊಟ್ಟಿ ಎರಡೇ ದಿನದಲ್ಲಿ ಆ ಗಾಳಿಗೆ ಮೆತ್ತಗಾಗಿ ಮಡಚಿದರೂ ಮುರಿಯದ ಹಾಗಾಯಿತು. ನಾನು ಅದನ್ನೂ ಸಂತೋಷದಿಂದಲೇ ತಿಂದೆ. ಹುಚ್ಚು ಹಿಡಿದವರಿಗೆ ರೊಟ್ಟಿಯ ಚಿಂತೆ ಇರುವುದಿಲ್ಲ.

ಹೊರಡುವ ಹಿಂದಿನ ದಿನ ಆ ಮನೆಯ ಯಜಮಾನಿ ಹಿತ್ತಲ ಕಡೆಯ ಮನೆಯೊಂದನ್ನು ತೋರಿಸಿದರು. ಒಂದು ಕೋಣೆ, ಒಂದು ಅಡುಗೆಮನೆ, ಮಷಿನ್ ಇಡುವಷ್ಟು ಜಗಲಿ. ಬಾಡಿಗೆ ಮಹಡಿಯದರ ಅರ್ಧ. ಶಿರಾಳಕೊಪ್ಪದ ಮನೆಯನ್ನು ಬಾಡಿಗೆಗೆ ಕೊಟ್ಟರೆ, ಪೆನ್ಷನ್ ಮತ್ತು ನನ್ನ ಹೊಲಿಗೆ ಸೇರಿ, ಬಿಗಿಹಿಡಿದು ಬದುಕಿದರೆ, ಆಗಬಹುದು ಅನ್ನುವಂತಿತ್ತು. ಒಂದೇ ಕೊರತೆ, ಅಲ್ಲಿಂದ ಸಮುದ್ರ ಕಾಣುವುದಿಲ್ಲ. ಬಟ್ಟೆ ಒಣಹಾಕಲು ತಾರಸಿಗೆ ಹೋದರೆ ಮಾತ್ರ ಕಾಣುತ್ತದೆ. ದಿನಕ್ಕೆ ಎರಡು ಸಲ ಬಟ್ಟೆ ಒಗೆದರಾಯಿತು ಎಂದು ನಾನು ಅಲ್ಲೇ ತೀರ್ಮಾನಿಸಿದೆ. ಯಜಮಾನರು ಮಾತ್ರ ಜಗಲಿಯಲ್ಲಿ ನಿಂತು ಹೊರಗಿನ ಕರೆಂಟ್ ಕಂಬ ನೋಡುತ್ತಿದ್ದರು.

ಊರಿಗೆ ಬಂದರೆ ಸುದ್ದಿ ನಮಗಿಂತ ಮೊದಲೇ ಬಂದಿತ್ತು. ಪಕ್ಕದ ಮನೆಯ ಅಕ್ಕ ಬಾಗಿಲಲ್ಲೇ ಹಿಡಿದು, "ನೀರು ನೋಡ್ಬೇಕು ಅಂದ್ರೆ ಅಂಬ್ಲಿಗೊಳ ಡ್ಯಾಮಿಗೆ ಹೋಗ್ಬಾರದಾ? ಅಲ್ಲೂ ನೀರೇ ಇರಾದು, ಬಾಡಿಗೆ ಕೇಳಾರು ಯಾರೂ ಇಲ್ಲ," ಅಂದಳು. ದಾವಣಗೆರೆಗೆ ಕೊಟ್ಟ ಮಗಳು ಫೋನಿನಲ್ಲಿ, "ಅವ್ವ, ದೂರದ ಬೆಟ್ಟ ನುಣ್ಣಗೆ," ಅಂದಳು. "ಬೆಟ್ಟ ಅಲ್ಲವೇ, ಸಮುದ್ರ," ಅಂದೆ.

ಕೊನೆಗೆ ಯಜಮಾನರೇ, "ನಿಮ್ಮ ತವರಿನ ಗುಡಿ ಅಮ್ಮನ್ನ ಕೇಳಿಬಿಡಾಣ," ಅಂದರು. ನಾನೂ ಒಪ್ಪಿದೆ.

ನಮ್ಮ ಕಡೆ ಹೀಗೆ ಕೇಳುವುದುಂಟು. ಮದುವೆಯಾಗಲಿ, ಬೋರ್‌ವೆಲ್ ಆಗಲಿ, ಕೋರ್ಟಿನ ಕೇಸಾಗಲಿ, ಮನಸ್ಸು ಇಬ್ಭಾಗವಾದಾಗ ದೇವರಲ್ಲಿ ಪ್ರಸಾದ ಕೇಳುತ್ತಾರೆ. ಪೂಜಾರಿ ದಾಸವಾಳದ ಎಸಳುಗಳನ್ನು ನೀರಿನಲ್ಲಿ ಅದ್ದಿ ಅಮ್ಮನ ಮೂರ್ತಿಯ ಎರಡೂ ಭುಜಕ್ಕೆ ಅಂಟಿಸುತ್ತಾರೆ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ನಮ್ಮ ಪ್ರಶ್ನೆಯನ್ನು ಅಮ್ಮನಿಗೆ ಒಪ್ಪಿಸುತ್ತಾರೆ. ಬಲಗಡೆಯ ಎಸಳು ಮೊದಲು ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ.

ಶುಕ್ರವಾರ ಬೆಳಿಗ್ಗೆ ಕುಪ್ಪಗಡ್ಡೆಗೆ ಹೋದೆವು. ಪೂಜಾರಿ ನನಗೆ ದೂರದ ಸಂಬಂಧದಲ್ಲಿ ಅಣ್ಣನಾಗಬೇಕು. ಒಳ್ಳೆಯವನೇ, ಆದರೆ ಅವನ ಬಾಯಿ ಗುಡಿಯ ಗಂಟೆಗಿಂತ ದೊಡ್ಡದು. ನನ್ನ ಸ್ವಂತ ಅಣ್ಣನ ಮನೆ ಗುಡಿಯ ಎದುರಿಗೇ. ಅವನಿಗೆ ಗೊತ್ತಾದರೆ ಅಮ್ಮನಿಗಿಂತ ಮೊದಲು ಅವನೇ ಪ್ರಸಾದ ಕೊಡುತ್ತಾನೆ.

"ಎಂತ ಕೇಳ್ಬೇಕು ತಂಗಿ, ಬಾಯ್ಬಿಟ್ಟು ಹೇಳು," ಅಂದ ಪೂಜಾರಿ.

"ಮನಸ್ನಾಗೇ ಕೇಳ್ಕಂತೀವಿ," ಅಂದರು ನಮ್ಮವರು.

"ಆಗ್ಲಿ ಭಾವ, ಅಮ್ಮಂಗೆ ಎಲ್ಲ ಗೊತ್ತಾಗ್ತದೆ. ನಂಗೆ ಗೊತ್ತಾಗಲ್ಲ ಅಷ್ಟೆ," ಎಂದು ಮುಖ ಸಣ್ಣದು ಮಾಡಿಕೊಂಡು ಎಸಳು ಅಂಟಿಸಿದ.

ನಾನು ಕಣ್ಣುಮುಚ್ಚಿ, "ತಾಯಿ, ಹೋಗುವುದಿದ್ದರೆ ಬಲಕ್ಕೆ ಕೊಡು," ಎಂದು ಬೇಡಿಕೊಂಡೆ. ಎದೆ ಮಷಿನ್ನಿನ ಹಾಗೆ ಓಡುತ್ತಿತ್ತು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬಲಭುಜದ ಎಸಳೊಂದು ಜಾರಿ, ಒಂದು ಕ್ಷಣ ತಡೆದು, ಪಟ್ ಎಂದು ಪೀಠದ ಮೇಲೆ ಬಿತ್ತು. ನನಗೆ ಅಲ್ಲೇ ಕುಣಿಯಬೇಕು ಅನ್ನಿಸಿತು. ಪಕ್ಕಕ್ಕೆ ನೋಡಿದರೆ ಯಜಮಾನರ ಮುಖವೂ ಹಗುರಾಗಿತ್ತು. ಎಷ್ಟು ದೊಡ್ಡ ಮನಸ್ಸು ಇವರದು, ಅಂದುಕೊಂಡೆ.

ಪ್ರಸಾದವಾದ ಮೇಲೆ ಒಂದು ವಾರ ಆ ಮಾತು ಎತ್ತಬಾರದು, ಎತ್ತಿದರೆ ಫಲ ಹೋಗುತ್ತದೆ ಎಂದು ನಮ್ಮವ್ವ ಹೇಳುತ್ತಿದ್ದಳು. ಎತ್ತಲಿಲ್ಲ. ಇಬ್ಬರೂ ಎತ್ತಲಿಲ್ಲ.

ಆ ವಾರವನ್ನು ನೆನೆದರೆ ಈಗಲೂ ನಗು ತಡೆಯುವುದಿಲ್ಲ. ಶನಿವಾರವೇ ಯಜಮಾನರು ಸೋರುತ್ತಿದ್ದ ತಾರಸಿಗೆ ಗಾರೆಯವನನ್ನು ಕರೆಸಿದರು. ಬಾಡಿಗೆಗೆ ಬರುವವರಿಗೆ ತೊಂದರೆಯಾಗಬಾರದು ಎಂದು ಮಾಡಿಸುತ್ತಿದ್ದಾರೆ, ಎಂಥ ಮುಂದಾಲೋಚನೆ, ಅಂದುಕೊಂಡೆ. ನಾನು ಹೊಸ ರವಿಕೆ ಬಟ್ಟೆಗಳನ್ನು ಒಬ್ಬೊಬ್ಬರಿಗೇ ವಾಪಸ್ ಕೊಡತೊಡಗಿದೆ. ಅದನ್ನು ನೋಡಿ ಅವರು, "ಸಾಕು ಮಾಡು, ಇಷ್ಟು ವರ್ಷ ದುಡಿದೀಯ, ಇನ್ನು ಮನೇಲಿ ಆರಾಮಾಗಿರು," ಅಂದರು. ನನ್ನ ಕಣ್ಣು ತುಂಬಿ ಬಂತು. ಮಲ್ಲಿಗೆಯ ಕುಂಡಗಳನ್ನು ಪಕ್ಕದ ಮನೆಯ ಅಕ್ಕನಿಗೆ ಕೊಟ್ಟರೆ, ಬಗ್ಗಿ ನೀರು ಹಾಕುವುದು ನನಗೆ ಕಷ್ಟವಾಗುತ್ತಿದೆ ಎಂದು ತಿಳಿದು ಸೊಂಟಕ್ಕೆ ಎಣ್ಣೆ ತಂದುಕೊಟ್ಟರು. ಮಂಗಳವಾರ ಹೊಸ ನೀರಿನ ಟ್ಯಾಂಕು ಬಂತು.

ಇಬ್ಬರಿಗೂ ಇನ್ನೊಬ್ಬರ ಮೇಲೆ ಎಲ್ಲಿಲ್ಲದ ಕನಿಕರ. ಪಾಪ, ಊರು ಬಿಡಬೇಕಲ್ಲ ಎಂದು ನಾನು ಅವರಿಗೆ ದಿನಾ ಇಷ್ಟದ ಅಡುಗೆ ಮಾಡಿದೆ. ಎಣ್ಣೆಗಾಯಿ, ಶೇಂಗಾ ಹೋಳಿಗೆ, ಏನು ಕೇಳಿದರೂ ಇಲ್ಲ ಅನ್ನಲಿಲ್ಲ. ಪಾಪ, ಸಮುದ್ರ ಕೈತಪ್ಪಿತಲ್ಲ ಎಂದು ಅವರು ಸಂಜೆ ಸಂಜೆ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದರು, ಸಂತೆಯಿಂದ ಎರಡು ಮೊಳ ಹೂ ತಂದರು, ಒಂದು ದಿನ ತಟ್ಟೆಯನ್ನೂ ತಾವೇ ತೊಳೆದರು. ಮೂವತ್ತೈದು ವರ್ಷದ ಸಂಸಾರದಲ್ಲಿ ಅಷ್ಟು ಸಿಹಿಯಾದ ವಾರ ಇನ್ನೊಂದಿಲ್ಲ. ಸಮುದ್ರದ ಹೆಸರೇ ಇಷ್ಟು ಮಾಡಿದರೆ ಇನ್ನು ಅಲ್ಲಿಗೆ ಹೋದ ಮೇಲೆ ಗತಿ ಏನು ಎಂದು ನಾನು ಒಬ್ಬಳೇ ಅಡುಗೆಮನೆಯಲ್ಲಿ ನಕ್ಕದ್ದುಂಟು.

ಬುಧವಾರ ಮಗಳ ಫೋನು ಬಂತು. ಪ್ರಸಾದದ ಮಾತು ಎತ್ತದೆ, ಹೋಗುವುದು ಎಂದಾಗಿದೆ, ಅಪ್ಪನಿಗೆ ಬೇಜಾರಾಗಿರಬಹುದು, ಸ್ವಲ್ಪ ಮಾತಾಡಿಸು ಎಂದೆ. ಅವಳು ಅದನ್ನೇ ಇನ್ನೊಮ್ಮೆ ಹೇಳಿಸಿದಳು. ಆಮೇಲೆ, "ಅಪ್ಪಾಜೀನ ಕರಿ, ಸ್ಪೀಕರ್ ಹಾಕು," ಅಂದಳು. ಹಾಕಿದೆ.

"ಅಪ್ಪಾಜಿ, ನಿನ್ನೆ ನೀವು ಏನಂದ್ರಿ? ಇಲ್ಲೇ ಇರಾದು ಅಂತ ಆತು, ಅವ್ವಂಗೆ ಬೇಜಾರಾಗೈತೆ, ಮಾತಾಡ್ಸು ಅಂದ್ರಿ. ಇವತ್ತು ಅವ್ವ ಹೋಗಾದು ಅಂತ ಆತು, ಅಪ್ಪಾಜೀನ ಮಾತಾಡ್ಸು ಅಂತಾಳೆ. ಈಗ ನಾನು ಯಾರನ್ನ ಮಾತಾಡ್ಸ್ಲಿ?"

ನಾನು ಅವರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. "ಅಮ್ಮ ಬಲಕ್ಕೆ ಕೊಟ್ಲಲ್ಲ," ಎಂದು ಇಬ್ಬರೂ ಒಟ್ಟಿಗೇ ಅಂದೆವು.

ಅವರು ಕೇಳಿಕೊಂಡದ್ದು, ಇಲ್ಲೇ ಇರುವುದಿದ್ದರೆ ಬಲಕ್ಕೆ ಕೊಡು ಎಂದು. ನಾನು ಕೇಳಿಕೊಂಡದ್ದು, ಹೋಗುವುದಿದ್ದರೆ ಬಲಕ್ಕೆ ಕೊಡು ಎಂದು. ಯಾರು ಹೇಗೆ ಕೇಳಬೇಕು ಎಂದು ಮೊದಲೇ ಮಾತಾಡಿಕೊಳ್ಳಬೇಕು ಎಂಬುದು ಇಬ್ಬರಿಗೂ ಹೊಳೆದಿರಲಿಲ್ಲ. ನಾನು ನಗುತ್ತಾ ಮಷಿನ್ನಿನ ಮೇಲೆ ತಲೆಯಿಟ್ಟೆ. ಅವರೂ ನಕ್ಕರು, ಆದರೆ ನನಗಿಂತ ಬೇಗ ನಿಲ್ಲಿಸಿದರು. ಆಗ ನನ್ನ ನಗುವೂ ನಿಂತಿತು. ಅವರು ಇಲ್ಲೇ ಇರಲು ಬೇಡಿಕೊಂಡಿದ್ದರು ಎಂಬುದು ಆಗಷ್ಟೇ ನನಗೆ ತಟ್ಟಿತು. ನನ್ನ ಇಷ್ಟ ಕೇಳಿದವರು ತಮ್ಮ ಇಷ್ಟವನ್ನು ಅಮ್ಮನ ಹತ್ತಿರ ಮಾತ್ರ ಹೇಳಿದ್ದರು.

ಮಾರನೆಯ ದಿನ ಮತ್ತೆ ಕುಪ್ಪಗಡ್ಡೆ. ಇನ್ನು ಮುಚ್ಚಿಡುವುದೇನು ಎಂದು ಪೂಜಾರಿಗೆ ಎಲ್ಲವನ್ನೂ ಹೇಳಿದೆವು. ಅವನು ಕಂಬ ಹಿಡಿದುಕೊಂಡು ನಕ್ಕ.

"ಒಂದು ಹೂವಿಗೆ ಎರಡು ಪ್ರಶ್ನೆ ಕೇಳಿದ್ರೆ ಅಮ್ಮ ಎಂತ ಮಾಡ್ಬೇಕು ಮಾರಾಯ್ರೆ? ಇಬ್ರೂ ಮಕ್ಕಳೇ ಅಂತ ಇಬ್ರಿಗೂ ಹೂಂ ಅಂದಾಳೆ. ಇರ್ಲಿ, ಈಗ ಒಂದೇ ಮಾತು, ಬಾಯ್ಬಿಟ್ಟು ಕೇಳಾಣ. ದಾಸವಾಳ ಕೊಯ್ಕಂಡು ಬರ್ತೀನಿ, ಕೂತಿರಿ," ಎಂದು ಬುಟ್ಟಿ ಹಿಡಿದು ಹಿಂದಕ್ಕೆ ಹೋದ.

ಗುಡಿಯ ಜಗಲಿಯ ಮೇಲೆ ಕೂತೆವು. ನಾನು ಕೇಳಿದೆ, "ಯಾಕ್ರೀ, ನಿಮಗೆ ಇಷ್ಟ ಇಲ್ವಾ?"

"ಬಾಡಿಗೆ ಜಾಸ್ತಿ," ಅಂದರು. "ರೊಟ್ಟಿ ಮೆತ್ತಗಾಗ್ತಾವೆ."

"ಅದೆಲ್ಲ ಬಿಡಿ. ರೊಟ್ಟಿಗೋಸ್ಕರ ಯಾರೂ ದೇವರಿಗೆ ಕೈ ಮುಗಿಯಲ್ಲ."

ಅವರು ಅಂಗೈ ನೋಡಿಕೊಳ್ಳುತ್ತಾ ಹೇಳಿದರು. "ಎಂಟು ದಿನ ಇದ್ವಲ್ಲ, ಒಂದಿನ ಮಧ್ಯಾಹ್ನ ಕರೆಂಟ್ ಹೋತು. ನೀನು ದಂಡೆಗೆ ಹೋಗಿದ್ದೆ. ನಾನು ರೋಡಿಗೆ ಬಂದು ನಿಂತೆ. ಕಂಬದಾಗೆ ಲೈನ್ ಜೋಡಿಸೋ ಜಂಪರ್ ವೈರ್ ಕಡಿದಿತ್ತು, ಕೆಳಗಿಂದ್ಲೇ ಕಾಣ್ತಿತ್ತು. ಜನ ಹೊರಗೆ ಬಂದ್ರು, ಯಾರ್ಯಾರಿಗೋ ಫೋನ್ ಮಾಡಿದ್ರು. ಒಬ್ರೂ ನನ್ನ ಕಡೆ ನೋಡ್ಲಿಲ್ಲ. ಇಲ್ಲಾದ್ರೆ ರಿಟೈರ್ ಆಗಿದ್ರೂ ಮೊದ್ಲು ನಮ್ಮನೆ ಬಾಗಿಲಿಗೇ ಬರ್ತಾರೆ. ಅಲ್ಲಿ ನಾನು ಯಾರು ಹೇಳು? ಯಾರೋ ಒಬ್ಬ ಮುದುಕ, ಕಂಬ ನೋಡ್ಕಂಡು ನಿಂತಾನೆ."

ನನಗೆ ಕನಿಕರವಾಗಬೇಕಿತ್ತು, ಆಯಿತು ಕೂಡ. ಆದರೆ ಅದಕ್ಕಿಂತ ಮುಂಚೆ ಸಿಟ್ಟು ಬಂತು. ಎಲ್ಲಿಂದ ಬಂತೋ, ಮೂವತ್ತೈದು ವರ್ಷ ಎಲ್ಲಿ ಕೂತಿತ್ತೋ.

"ನಾನು ಶಿರಾಳಕೊಪ್ಪಕ್ಕೆ ಬಂದಾಗ ನಾನು ಯಾರಾಗಿದ್ದೆ?" ಅಂದೆ. "ಇಲ್ಲಿ ಈ ಜಗಲಿ ಮೇಲೆ ಆಡಿದ್ದೆ. ಇಲ್ಲಿ ನಾಯಿಗೂ ನನ್ನ ಗುರ್ತಿತ್ತು. ಅಲ್ಲಿ ಐದು ವರ್ಷ ಯಾರೂ ನನ್ನ ಹೆಸ್ರು ಹಿಡಿದು ಕರೀಲಿಲ್ಲ. ಲೈನ್‌ಮನ್ ಹೆಂಡ್ತಿ, ಲೈನ್‌ಮನ್ ಹೆಂಡ್ತಿ. ಬಾವಿ ಕಟ್ಟೇಲಿ ನಾನು ಹೋದ ಕೂಡ್ಲೆ ಮಾತು ನಿಲ್ಲಿಸೋರು. ನಿಮಗೆ ಎಂಟು ದಿನಕ್ಕೇ ಹಿಂಗಾತು. ನಂಗೆ ಹೆಂಗಾಗಿರ್ಬೇಕು?"

ಇಷ್ಟನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳಬೇಕಾದ ವಿಷಯ ಎಂದೂ ಅನ್ನಿಸಿರಲಿಲ್ಲ. ನಮ್ಮವ್ವನಿಗೂ ಹಾಗೇ ಆಗಿತ್ತು, ಪಕ್ಕದ ಮನೆಯ ಅಕ್ಕನಿಗೂ ಹಾಗೇ ಆಗಿರಬೇಕು. ಹೆಣ್ಣುಮಕ್ಕಳು ಊರು ಬದಲಿಸುವುದನ್ನು ಯಾರು ಊರು ಬದಲಿಸುವುದು ಅನ್ನುತ್ತಾರೆ? ಮದುವೆ ಅನ್ನುತ್ತಾರೆ, ಅಷ್ಟೆ.

ಅವರು ನನ್ನನ್ನೇ ನೋಡುತ್ತಿದ್ದರು. ಸಿಟ್ಟಾಗುತ್ತಾರೆ ಅಂದುಕೊಂಡೆ. ಆಗಲಿಲ್ಲ.

"ಹೆಂಗಾಗಿತ್ತು?" ಎಂದು ಕೇಳಿದರು.

ಸುಮ್ಮನೆ ಕೇಳಿದ್ದಲ್ಲ, ತಿಳಿಯಬೇಕು ಎಂದೇ ಕೇಳಿದ್ದರು. ಹೇಳಿದೆ. ಮೊದಲ ವರ್ಷ ದಿನಾ ಸೊರಬದ ಬಸ್ಸು ಹೋಗುವ ಸದ್ದಿಗೆ ಕಿವಿಗೊಡುತ್ತಿದ್ದದ್ದು, ಸಂತೆಯಲ್ಲಿ ತವರಿನ ಕಡೆಯವರ ಮುಖ ಹುಡುಕುತ್ತಿದ್ದದ್ದು, ಮೊದಲ ಸಲ ಒಬ್ಬ ಹುಡುಗಿ ರವಿಕೆ ತಂದು ನನ್ನ ಹೆಸರು ಕೇಳಿದ ದಿನ ಬಚ್ಚಲಿಗೆ ಹೋಗಿ ಅತ್ತದ್ದು. ಅವರು ಕೊನೆಯವರೆಗೆ ಕೇಳಿಸಿಕೊಂಡರು. ಕೊನೆಗೆ ನಾನೇ, "ಹೋಗ್ಲಿ ಬಿಡಿ, ನಿಮಗೆ ಆಗ್ದಿದ್ರೆ ಬೇಡ," ಅಂದೆ. ನಿಜವಾಗಿಯೂ ಆ ಕ್ಷಣಕ್ಕೆ ಸಮುದ್ರ ಹೋದರೂ ಹೋಗಲಿ ಅನ್ನಿಸಿತ್ತು.

ಅಷ್ಟರಲ್ಲಿ ಪೂಜಾರಿ ಬುಟ್ಟಿ ತುಂಬ ದಾಸವಾಳ ತಂದ. ನೀರಿನ ತಂಬಿಗೆ ಎತ್ತಿಕೊಂಡು, "ಹಂ, ಏನಂತ ಕೇಳ್ಲಿ ಭಾವ?" ಅಂದ.

ಯಜಮಾನರು ಎದ್ದು ಪಂಚೆ ಕೊಡವಿಕೊಂಡರು. "ಕೇಳಾದೇನೂ ಇಲ್ಲ. ಹೂ ಏರಿಸಿ ಪೂಜೆ ಮಾಡ್ಬಿಡು," ಅಂದರು. "ಇವಳು ಒಂದ್ಸಲ ನಮ್ಮೂರಿಗೆ ಬಂದಾಳೆ. ಈ ಸಲ ನಾನು ಇವಳೂರಿಗೆ ಹೋಗ್ತೀನಿ."

ಪೂಜಾರಿಗೆ ಅರ್ಥವಾಗಲಿಲ್ಲ. "ಇವಳೂರು ಇದೇ ಅಲ್ವಾ ಭಾವ?" ಅಂದ.

"ಇದು ಇವಳು ಹುಟ್ಟಿದ ಊರು," ಅಂದರು ನಮ್ಮವರು. "ಇವಳೂರು ಗೋಕರ್ಣ."

ನಾನು ಅಮ್ಮನ ಎದುರಿಗೇ, ನಗುತ್ತಾ, ಸೆರಗಿನಿಂದ ಕಣ್ಣು ಒರೆಸಿಕೊಂಡೆ.